ಎಲ್. ಪಿ. ಹಾರ್ಟ್ಲಿ: ದೆವ್ವದ ಕತೆಗಳಿಗಿಂತ ಹುಡುಗನ ಕಾದಂಬರಿಯೇ ಜಾಸ್ತಿ ಹೆದರಿಸಿದ್ದು ಯಾಕೆ?

ತುಂಗಾತೀರ
ಎಲ್. ಪಿ. ಹಾರ್ಟ್ಲಿ ಎಂಬ ಬ್ರಿಟಿಷ್ ಲೇಖಕನನ್ನು ಇಲ್ಲಿ ಯಾರಾದರೂ ಓದಿದ್ದೀರಾ? 1895ರಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡವನು. ನನ್ನ ಕೈಗೆ ಮೊದಲು ಸಿಕ್ಕಿದ್ದು ಅವನ ದೆವ್ವದ ಕತೆಗಳು, 'ದ ಟ್ರಾವೆಲಿಂಗ್ ಗ್ರೇವ್' ಸಂಕಲನ. ಚೆನ್ನಾಗಿವೆ. ರಾತ್ರಿ ಓದಿ ಒಂದೆರಡು ಸಲ ಲೈಟ್ ಹಾಕಿಕೊಂಡಿದ್ದೂ ಉಂಟು. ಆಮೇಲೆ 'ದ ಗೋ-ಬಿಟ್ವೀನ್' ಓದಿದೆ. ಅದರಲ್ಲಿ ದೆವ್ವವೇ ಇಲ್ಲ. ಬೇಸಿಗೆ ರಜೆಗೆ ಗೆಳೆಯನ ಬಂಗಲೆಗೆ ಹೋದ ಲಿಯೋ ಎಂಬ ಹುಡುಗ, ಪ್ರೇಮಪತ್ರ ಸಾಗಿಸುವುದು, ಕ್ರಿಕೆಟ್ ಮ್ಯಾಚು, ಹುಟ್ಟುಹಬ್ಬ, ಇಷ್ಟೇ. ಆದರೂ ಎದೆಯಲ್ಲಿ ಭಾರ ಇಟ್ಟ ಹಾಗಾಯಿತು. ಹೆಣಪೆಟ್ಟಿಗೆ ತಾನೇ ಓಡಾಡುವ ಕತೆ ಓದಿ ಮರುದಿನ ಮರೆತೆ, ಇದನ್ನು ಮರೆಯಲು ಆಗುತ್ತಿಲ್ಲ.

ಗೆಳೆಯರೊಬ್ಬರು "ಅವೆರಡೂ ಬೇರೆ ಬೇರೆ ಹಾರ್ಟ್ಲಿ, ಒಂದು ಹೊಟ್ಟೆಪಾಡಿಗೆ, ಇನ್ನೊಂದು ಸಾಹಿತ್ಯಕ್ಕೆ" ಎಂದರು. ನನಗೆ ಹಾಗನ್ನಿಸುತ್ತಿಲ್ಲ. ನಿಮಗೇನನ್ನಿಸುತ್ತದೆ? ಮುಂದೆ ಯಾವುದು ಓದಲಿ?

ಸುಮ್ನೆಬಂದೆ
ಹೆಣಪೆಟ್ಟಿಗೆ ತಾನೇ ಓಡಾಡುತ್ತಾ?? ಲಿಂಕ್ ಬೇಡ, ಕತೆ ಹೇಳಿ ಸಾಕು.

ಓದುಗುಳಿ
@ಸುಮ್ನೆಬಂದೆ ಒಬ್ಬನಿಗೆ ಹೆಣಪೆಟ್ಟಿಗೆಗಳನ್ನು ಸಂಗ್ರಹಿಸುವ ಹುಚ್ಚು. ಮನ್ಟ್ ಅಂತ ಹೆಸರು. ಅವನ ಹೊಸ ಪೆಟ್ಟಿಗೆಗೆ ಯಂತ್ರ ಇದೆ. ಅದು ತಾನಾಗಿ ಚಲಿಸುತ್ತದೆ, ಸಿಕ್ಕವರನ್ನು ಒಳಗೆ ಹಾಕಿಕೊಂಡು ತಾನೇ ನೆಲದೊಳಗೆ ಹೂತುಕೊಳ್ಳುತ್ತದೆ. ಮಜಾ ಏನು ಗೊತ್ತಾ? ಅತಿಥಿಯೊಬ್ಬನಿಗೆ ಮನ್ಟ್ ಏನು ಸಂಗ್ರಹಿಸುತ್ತಾನೆ ಅಂತ ಗೊತ್ತಿಲ್ಲ. ಮಕ್ಕಳನ್ನು ತಳ್ಳಿಕೊಂಡು ಹೋಗುವ ಗಾಡಿ ಇರಬೇಕು ಅಂದುಕೊಂಡು ಮಾತಾಡುತ್ತಾನೆ. ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಪುಟಗಟ್ಟಲೆ ಮಾತಾಡುತ್ತಾರೆ, ಇಬ್ಬರಿಗೂ ಗೊತ್ತಾಗುವುದಿಲ್ಲ. ನಕ್ಕು ನಕ್ಕು ಸಾಕಾಗುವಾಗಲೇ ಕೊನೆ ಬರುತ್ತದೆ. ಕೊನೆ ಹೇಳಲ್ಲ.

ಇಂಗ್ಲಿಷ್‌ಮೇಷ್ಟ್ರು
ತುಂಗಾತೀರ ಅವರೇ, ನಿಮ್ಮ ಗೆಳೆಯರ ಮಾತು ಒಪ್ಪಲಾಗದು. ಕಾಲಕ್ರಮ ನೋಡಿ. ಹಾರ್ಟ್ಲಿ ಅವರ ಮೊದಲ ಪುಸ್ತಕವೇ 1924ರ 'ನೈಟ್ ಫಿಯರ್ಸ್', ಸಣ್ಣಕತೆಗಳದ್ದು. 1932ರಲ್ಲಿ 'ದ ಕಿಲ್ಲಿಂಗ್ ಬಾಟಲ್', ಅದೂ ಕತೆಗಳೇ. ಹೆಸರು ತಂದ ಕಾದಂಬರಿಗಳು ಶುರುವಾಗುವುದು 1944ರಲ್ಲಿ, ಆಗ ಅವರಿಗೆ ವಯಸ್ಸು 48. 'ದ ಶ್ರಿಂಪ್ ಅಂಡ್ ದ ಅನೆಮೋನಿ', 1946ರಲ್ಲಿ 'ದ ಸಿಕ್ಸ್ತ್ ಹೆವನ್', 1947ರಲ್ಲಿ 'ಯೂಸ್ಟೆಸ್ ಅಂಡ್ ಹಿಲ್ಡಾ'. ಈ ಮೂರನೆಯದಕ್ಕೆ ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ಬಂತು. 'ದ ಗೋ-ಬಿಟ್ವೀನ್' 1953. ಅಂದರೆ ಇಪ್ಪತ್ತು ವರ್ಷ ಭಯದ ಕತೆಗಳಲ್ಲಿ ಕೈ ಪಳಗಿಸಿಕೊಂಡವರು ಆಮೇಲೆ ಬಾಲ್ಯಕ್ಕೆ ಬಂದರು. ಆ ಕೈ ಹಾಗೇ ಬಂತು.

ಹೊಟ್ಟೆಪಾಡಿನ ಮಾತಂತೂ ನಗು ತರಿಸುತ್ತದೆ. ಅವರ ತಂದೆ ವಕೀಲರು, ಪೀಟರ್‌ಬರೋ ಹತ್ತಿರದ ಇಟ್ಟಿಗೆ ಕಾರ್ಖಾನೆಯಿಂದ ಚೆನ್ನಾಗಿ ದುಡ್ಡು ಮಾಡಿದವರು. ಮಗ ಹ್ಯಾರೋ ಶಾಲೆ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು, ಆಮೇಲೆ ವೆನಿಸ್ಸಿನಲ್ಲಿ ತಿಂಗಳುಗಟ್ಟಲೆ ವಾಸ, ದೋಣಿವಿಹಾರ. ಹೊಟ್ಟೆಪಾಡಿಗೆ ಬರೆಯಬೇಕಾದ ಸ್ಥಿತಿ ಇರಲಿಲ್ಲ.

ಚೌಕಾಬಾರ
ಇಟ್ಟಿಗೆ ದುಡ್ಡಲ್ಲಿ ಗೊಂಡೋಲಾ. ಯೋಗ ಬೇಕು ಅಷ್ಟೇ.

ಬೆಕ್ಕಿನಮ್ಮ
ವೆನಿಸ್ ಅಂದ್ರಲ್ಲ, 'ಪೊಡೋಲೋ' ಓದಿದವರು ಯಾರಾದರೂ ಇದ್ದೀರಾ? ವೆನಿಸ್ ಹತ್ತಿರದ ಒಂದು ಪಾಳು ದ್ವೀಪ. ಪಿಕ್‌ನಿಕ್‌ಗೆ ಹೋಗುತ್ತಾರೆ. ಅಲ್ಲೊಂದು ಬಡಕಲು ಬೆಕ್ಕು, ಹಸಿವಿನಿಂದ ಸಾಯುತ್ತಿದೆ. ಏಂಜೆಲಾ ಎಂಬಾಕೆ ಅದನ್ನು ಹಿಡಿದು ಕರೆದುಕೊಂಡು ಹೋಗಬೇಕು ಅಂತ ಹಟ ಹಿಡಿಯುತ್ತಾಳೆ. ಬೆಕ್ಕು ಸಿಗುವುದಿಲ್ಲ. ಸಿಗದಿದ್ದರೆ ಕೊಂದುಬಿಡುತ್ತೇನೆ, ಹಸಿದು ಸಾಯುವುದಕ್ಕಿಂತ ಅದೇ ಮೇಲು ಅನ್ನುತ್ತಾಳೆ. ಕರುಣೆಯಿಂದಲೇ ಹೇಳುತ್ತಾಳೆ! ದ್ವೀಪದಲ್ಲಿ ಹಸಿದಿರುವುದು ಬೆಕ್ಕೊಂದೇ ಅಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ನಾನು ಬೀದಿ ಬೆಕ್ಕುಗಳಿಗೆ ಊಟ ಹಾಕುವವಳು. ಆ ಕತೆ ಓದಿ ನನಗೆ ಸಿಟ್ಟೇ ಬಂತು.

ಓದುಗುಳಿ
ಸಿಟ್ಟು ಯಾಕೆ ಮೇಡಂ? ಕತೆಯ ಹೂರಣವೇ ಅದು. ಕೊನೆಯಲ್ಲಿ ಅವಳಿಗೇ ಅದೇ ಕರುಣೆ ಬೇಕಾಗುತ್ತದೆ. ಅವಳು ಬೆಕ್ಕಿಗೆ ಕೊಡಲು ಹೊರಟಿದ್ದನ್ನು ದೋಣಿಯವನು ಅವಳಿಗೆ ಕೊಡಬೇಕಾಗುತ್ತದೆ.

ಕಡಲಕರೆ
ಎಂಥದು ಮಾರಾಯ್ರೆ, ಕೊನೆ ಹೇಳಲ್ಲ ಅಂತ ಹೇಳಿ ಎರಡನೇ ಕತೆಗೇ ಕೊನೆ ಹೇಳಿದಿರಿ.

ಚೌಕಾಬಾರ
ಮೂಲ ಪ್ರಶ್ನೆಗೆ ಬರುತ್ತೇನೆ. 'ದ ಗೋ-ಬಿಟ್ವೀನ್'ನಲ್ಲಿ ದೆವ್ವ ಹುಡುಕುವುದು ಜಾಣತನದ ಆಟ. ಅದು ದುಡ್ಡು ಮತ್ತು ಅಂತಸ್ತಿನ ಕತೆ. ಆ ಬಂಗಲೆ, ಬ್ರ್ಯಾಂಡಮ್ ಹಾಲ್, ಯಾರದ್ದು? ವೈಕೌಂಟ್ ಟ್ರಿಮಿಂಗಮ್‌ನದ್ದು. ಅವನ ಹತ್ತಿರ ಪದವಿ ಇದೆ, ಮನೆ ನಡೆಸಲು ಕಾಸಿಲ್ಲ. ಲಿಯೋನ ಗೆಳೆಯನ ಮನೆಯವರಾದ ಮೌಡ್ಸ್‌ಲಿ ಕುಟುಂಬದ ಹತ್ತಿರ ಲಂಡನ್ನಿನ ಕಾಸಿದೆ, ಪದವಿ ಇಲ್ಲ. ಅವರು ಆ ಮನೆಗೆ ಬಾಡಿಗೆದಾರರು. ಮಗಳು ಮೇರಿಯನ್‌ಳನ್ನು ಅವನಿಗೆ ಕೊಟ್ಟರೆ ಎರಡೂ ಕಡೆ ಲೆಕ್ಕ ಚುಕ್ತಾ. ಅವಳಿಗೆ ಬೇಕಾಗಿರುವುದು ಪಕ್ಕದ ಹೊಲದ ಗೇಣಿದಾರ ಟೆಡ್ ಬರ್ಜೆಸ್. ಇದರ ಮಧ್ಯೆ ಪುಕ್ಕಟೆ ಪೋಸ್ಟ್‌ಮನ್ ಆಗಿ ಸಿಕ್ಕವನು ಲಿಯೋ. ಇದರಲ್ಲಿ ದೆವ್ವ ಎಲ್ಲಿ ಬಂತು?

ತುಂಗಾತೀರ
@ಚೌಕಾಬಾರ ದೆವ್ವ ಇದೆ ಅಂತ ನಾನು ಹೇಳಲೇ ಇಲ್ಲ. ಭಯ ಇದೆ ಅಂದೆ. ಮತ್ತೆ, ಮಾಟ ಇದೆ! ಶುರುವಿನಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ಲಿಯೋನ ಡೈರಿ ಓದಿ ಶಾಲೆಯ ಇಬ್ಬರು ದೊಡ್ಡ ಹುಡುಗರು ಅವನನ್ನು ಗೋಳು ಹುಯ್ದುಕೊಳ್ಳುತ್ತಾರೆ. ಅವನು ಡೈರಿಯಲ್ಲಿ ತನಗೇ ಅರ್ಥವಾಗದ ಶಾಪ ಬರೆಯುತ್ತಾನೆ, ರಕ್ತ ಸೇರಿಸಿ. ಆ ಇಬ್ಬರೂ ಛಾವಣಿಯಿಂದ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾರೆ. ಶಾಲೆಯಲ್ಲಿ ಅವನಿಗೆ ಮಂತ್ರವಾದಿ ಅಂತ ಹೆಸರು ಬರುತ್ತದೆ. ನಿಜವಾಗಿ ಅವನೂ ಅದನ್ನು ನಂಬಿಬಿಡುತ್ತಾನೆ. ಅಲ್ಲಿಂದಲೇ ಅಲ್ವಾ ಎಲ್ಲ ಶುರು?

ಗೂಗ್ಲಿ
ಕ್ರಿಕೆಟ್ ಬಗ್ಗೆ ಯಾರೂ ಮಾತಾಡ್ತಿಲ್ಲ ಅಂತ ಬೇಜಾರು. ಇಂಗ್ಲಿಷ್ ಕಾದಂಬರಿಗಳಲ್ಲಿ ನಾನು ಓದಿದ ಅತ್ಯುತ್ತಮ ಮ್ಯಾಚ್ ಅದು. ಹಾಲ್ ತಂಡ, ಹಳ್ಳಿ ತಂಡ. ಟೆಡ್ ಹಳ್ಳಿ ಕಡೆ, ಸಿಕ್ಕಾಪಟ್ಟೆ ಬಾರಿಸುತ್ತಿದ್ದಾನೆ. ಟ್ರಿಮಿಂಗಮ್ ಬೌಲಿಂಗ್. ಲಿಯೋ ಹನ್ನೆರಡನೇ ಆಟಗಾರ, ಯಾರಿಗೋ ಪೆಟ್ಟಾಗಿ ಮೈದಾನಕ್ಕೆ ಇಳಿದಿದ್ದಾನೆ. ಕ್ಯಾಚ್ ಹಿಡಿಯುವುದು ಅವನೇ. ಬ್ಯಾಟ್ ಮಾಡಿದವನು ಪ್ರೇಮಿ, ಚೆಂಡು ಹಾಕಿದವನು ಮುಂದಿನ ಗಂಡ, ಕ್ಯಾಚ್ ಹಿಡಿದವನು ಪತ್ರ ಸಾಗಿಸುವ ಹುಡುಗ. ಮುಂದೆ ಆಗುವುದೆಲ್ಲ ಆ ಒಂದು ಎಸೆತದಲ್ಲಿದೆ. ಆ ಕ್ಷಣದಲ್ಲಿ ಲಿಯೋಗೆ ಖುಷಿಯೂ ಆಗುತ್ತದೆ, ತಪ್ಪು ಮಾಡಿದೆ ಅಂತಲೂ ಅನ್ನಿಸುತ್ತದೆ. ಕ್ರಿಕೆಟ್ ಆಡಿದವರಿಗೆ ಇದು ಗೊತ್ತು, ಗೆಳೆಯನ ಕ್ಯಾಚ್ ಹಿಡಿದಾಗ ಹಾಗೇ ಆಗುವುದು.

ಸುಮ್ನೆಬಂದೆ
ನಮ್ಮ ಗಲ್ಲಿಯಲ್ಲಿ ಗೆಳೆಯನ ಕ್ಯಾಚ್ ಹಿಡಿದರೆ ಬ್ಯಾಟ್ ಅವನದ್ದೇ ಆಗಿರ್ತಿತ್ತು, ಮ್ಯಾಚೇ ಮುಗೀತು.

ಎರಡನೇಶೋ
ಸಿನಿಮಾ ಬಗ್ಗೆ ಹೇಳದಿದ್ದರೆ ಹೇಗೆ. 1971, ಜೋಸೆಫ್ ಲೋಸಿ ನಿರ್ದೇಶನ, ಹೆರಾಲ್ಡ್ ಪಿಂಟರ್ ಚಿತ್ರಕತೆ. ಆ ವರ್ಷ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಇದಕ್ಕೇ. ಇಟಲಿಯ ದೊಡ್ಡ ನಿರ್ದೇಶಕ ವಿಸ್ಕೊಂಟಿಯ ಚಿತ್ರ ಕೂಡ ಅದೇ ಸಲ ಸ್ಪರ್ಧೆಯಲ್ಲಿತ್ತು! ಜೂಲಿ ಕ್ರಿಸ್ಟಿ ಮೇರಿಯನ್, ಆಲನ್ ಬೇಟ್ಸ್ ಟೆಡ್.

ನಾನು ಹೇಳಬೇಕಾದದ್ದು ಬೇರೆ. ಕಾದಂಬರಿಯಲ್ಲಿ ಮುದುಕ ಲಿಯೋ ಶುರುವಿನಲ್ಲಿ ಬರುತ್ತಾನೆ, ಕೊನೆಯಲ್ಲಿ ಬರುತ್ತಾನೆ. ಪಿಂಟರ್ ಮಾಡಿದ್ದೇನೆಂದರೆ, ಬೇಸಿಗೆಯ ಬಿಸಿಲಿನ ನಡುವೆ ಇದ್ದಕ್ಕಿದ್ದಂತೆ ಮಳೆಗಾಲದ ಬೂದು ಬಣ್ಣದ ಚೂರುಗಳನ್ನು ಸೇರಿಸುತ್ತಾ ಹೋದ. ಒಂದು ಕಾರು, ಒಬ್ಬ ಮುದುಕನ ಬೆನ್ನು. ಯಾರು ಏನು ಎಂದು ಗೊತ್ತಾಗುವುದಿಲ್ಲ. ಮೊದಲ ಸಲ ನೋಡಿದಾಗ ಪ್ರೊಜೆಕ್ಷನ್ ತಪ್ಪಾಯಿತೇನೋ ಅನ್ನಿಸುತ್ತದೆ. ದೆವ್ವದ ಸಿನಿಮಾದಲ್ಲಿ ಮಾಡುವುದೇ ಹಾಗೆ. ಭೂತಕಾಲದಿಂದ ವರ್ತಮಾನಕ್ಕೆ ದೆವ್ವ ಬರುವುದು ಮಾಮೂಲಿ. ಇಲ್ಲಿ 1900ನೇ ಇಸವಿಯ ಬಿಸಿಲಿನಲ್ಲಿ ಆಡುತ್ತಿರುವ ಹುಡುಗನನ್ನು ಕಾಡುತ್ತಿರುವುದು ಅವನದೇ ಮುಪ್ಪು. ಮಿಶೆಲ್ ಲೆಗ್ರಾಂಡ್‌ನ ಸಂಗೀತ ಬೇರೆ. ಚಂದದ ಹುಲ್ಲುಗಾವಲು ತೋರಿಸುತ್ತಾ ಹಿಂದೆ ಯಾರೋ ಸತ್ತ ಹಾಗೆ ಪಿಯಾನೋ ಬಾರಿಸಿದ್ದಾನೆ.

ಲೀಡ್ಸ್‌ಕನ್ನಡಿಗ
@ಎರಡನೇಶೋ 2015ರ ಬಿಬಿಸಿ ಆವೃತ್ತಿ ನೋಡಿದ್ದೀರಾ? ಅದರಲ್ಲಿ ಮುದುಕಿ ಮೇರಿಯನ್ ಆಗಿ ವನೆಸ್ಸಾ ರೆಡ್‌ಗ್ರೇವ್. 1971ರ ಸಿನಿಮಾದಲ್ಲಿ ಮುದುಕ ಲಿಯೋ ಆಗಿದ್ದು ಅವರ ಅಪ್ಪ ಮೈಕಲ್ ರೆಡ್‌ಗ್ರೇವ್. ಅಪ್ಪ ಒಂದರಲ್ಲಿ ಪತ್ರ ಸಾಗಿಸಿದವನು, ಮಗಳು ಇನ್ನೊಂದರಲ್ಲಿ ಸಾಗಿಸಲು ಕೊಟ್ಟವಳು.

ನಾನು ಕೆಲಸದ ಮೇಲೆ ನಾರ್ಫೋಕ್ ಕಡೆ ಹೋಗುತ್ತಿರುತ್ತೇನೆ. ಲೋಸಿ ಚಿತ್ರೀಕರಣ ಮಾಡಿದ್ದು ಅಲ್ಲಿನ ಮೆಲ್ಟನ್ ಕಾನ್‌ಸ್ಟಬಲ್ ಹಾಲ್‌ನಲ್ಲಿ. ಆದರೆ ಕಾದಂಬರಿಯ ಮನೆಗೆ ಮೂಲ ಬ್ರಾಡನಮ್ ಹಾಲ್. ಹಾರ್ಟ್ಲಿ ಹುಡುಗನಾಗಿದ್ದಾಗ, 1909ರಲ್ಲಿ, ಶಾಲೆಯ ಗೆಳೆಯನ ಜೊತೆ ಅಲ್ಲಿ ಹೋಗಿ ಉಳಿದಿದ್ದ. ಅದು ಕಾದಂಬರಿಕಾರ ರೈಡರ್ ಹ್ಯಾಗರ್ಡ್ ಕುಟುಂಬದ ಮನೆ, ಆಗ ಗೆಳೆಯನ ಮನೆಯವರು ಬಾಡಿಗೆಗಿದ್ದರು. ಚೌಕಾಬಾರ ಹೇಳಿದ ಬಾಡಿಗೆ ವಿಷಯ ಸುಮ್ನೆ ಕಟ್ಟಿದ್ದಲ್ಲ, ಕಣ್ಣಾರೆ ಕಂಡದ್ದು.

ಚೌಕಾಬಾರ
ನೋಡಿ, ನಾನು ಹೇಳಿದ್ದು. ಬಾಡಿಗೆ ಕತೆ.

ಓದುಗುಳಿ
ಬಾಡಿಗೆ ಅಲ್ಲ, ಅತಿಥಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಾರ್ಟ್ಲಿಯ ಭಯದ ಕತೆಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ನೋಡಿ. ಮನ್ಟ್‌ನ ಮನೆಗೆ ವಾರಾಂತ್ಯಕ್ಕೆ ಬಂದವರು ಅತಿಥಿಗಳು. 'ದ ಕಿಲ್ಲಿಂಗ್ ಬಾಟಲ್'ನಲ್ಲಿ ಚಿಟ್ಟೆ ಹಿಡಿಯುವ ಹವ್ಯಾಸದವನು ಸರಿಯಾಗಿ ಪರಿಚಯವೇ ಇಲ್ಲದವನ ಕೋಟೆಗೆ ಅತಿಥಿಯಾಗಿ ಹೋಗುತ್ತಾನೆ. 'ತ್ರೀ, ಆರ್ ಫೋರ್, ಫಾರ್ ಡಿನ್ನರ್'ನಲ್ಲಿ ವೆನಿಸ್ಸಿನ ನೀರಲ್ಲಿ ಒಂದು ಹೆಣ ಸಿಗುತ್ತದೆ. ಊಟಕ್ಕೆ ಬರಬೇಕಾದ ಅತಿಥಿ ಮಾತ್ರ ಇನ್ನೂ ಬಂದಿಲ್ಲ. ಮೂರು ತಟ್ಟೆಯೋ ನಾಲ್ಕೋ? 'ಫೀಟ್ ಫೋರ್‌ಮೋಸ್ಟ್'ನಲ್ಲಿ ದೆವ್ವ ತಾನಾಗಿ ಹೊಸ್ತಿಲು ದಾಟಲಾರದು. ಯಾರಾದರೂ ಪಾಪ ಅಂತ ಎತ್ತಿಕೊಂಡು ಒಳಗೆ ತರಬೇಕು. ಎತ್ತಿಕೊಂಡವರು ಆಮೇಲೆ ಕಾಲು ಮುಂದಾಗಿ, ಅಂದರೆ ಹೆಣವಾಗಿ, ಹೊರಗೆ ಹೋಗುತ್ತಾರೆ.

ಇವರ್ಯಾರೂ ಧೈರ್ಯ ಸಾಲದೆ ಸಾಯುವುದಿಲ್ಲ. ಮರ್ಯಾದೆ ಜಾಸ್ತಿಯಾಗಿ ಸಾಯುತ್ತಾರೆ. ಬಂದವರನ್ನು ಹೊರಗೆ ನಿಲ್ಲಿಸಬಾರದು, ಕರೆದವರ ಮಾತು ಮೀರಬಾರದು, ಏನೋ ಸರಿಯಿಲ್ಲ ಅಂತ ಗೊತ್ತಿದ್ದರೂ ಊಟದ ಮೇಜಿನಲ್ಲಿ ಅದನ್ನು ಎತ್ತಬಾರದು.

ಈಗ ಲಿಯೋನನ್ನು ನೋಡಿ. ಅಪ್ಪ ಇಲ್ಲ, ಅಮ್ಮನ ಹತ್ತಿರ ಹೆಚ್ಚು ದುಡ್ಡಿಲ್ಲ. ಸುಡುಬಿಸಿಲಿಗೆ ಹಾಕಿಕೊಳ್ಳಲು ತೆಳ್ಳನೆಯ ಬಟ್ಟೆ ಇಲ್ಲ, ಮನೆಯಲ್ಲೇ ಬಿಟ್ಟು ಬಂದೆ ಅಂತ ಸುಳ್ಳು ಹೇಳುತ್ತಾನೆ. ಮೇರಿಯನ್ ಅವನನ್ನು ನಾರಿಚ್ ಪೇಟೆಗೆ ಕರೆದುಕೊಂಡು ಹೋಗಿ ಹಸಿರು ಸೂಟು ಕೊಡಿಸುತ್ತಾಳೆ. ಅವಳ ಋಣ ಮೈಮೇಲೇ ಇದೆ. ಅವಳು ಪತ್ರ ಕೊಟ್ಟರೆ ಒಲ್ಲೆ ಅನ್ನಲು ಬಾಯಿ ಬರುತ್ತದಾ? ಒಮ್ಮೆ ಬೇಡ ಅಂದಾಗ ಅವಳು ಏನನ್ನುತ್ತಾಳೆ ನೆನಪಿದೆಯಾ? ನಮ್ಮ ಮನೆಯಲ್ಲಿ ಅತಿಥಿಯಾಗಿದ್ದೀಯ, ಇಷ್ಟು ಮಾಡಲಾರೆಯಾ, ದುಡ್ಡು ಬೇಕಾ ಎಂಬ ಧಾಟಿ. ನನಗೆ ಇಡೀ ಪುಸ್ತಕದಲ್ಲಿ ಅತಿ ಭಯ ಹುಟ್ಟಿಸಿದ್ದು ಆ ಜಾಗ. ಕೊನೆಯ ಹೊರಮನೆಯ ದೃಶ್ಯವಲ್ಲ.

ಹಾರ್ಟ್ಲಿ ಇಟ್ಟಿಗೆ ಕಾರ್ಖಾನೆಯವರ ಮಗ, ಜೀವನವಿಡೀ ದೊಡ್ಡವರ ಬಂಗಲೆಗಳಿಗೆ ಅತಿಥಿಯಾಗಿ ಹೋದವನು. ಅತಿಥಿಯ ಭಯ ಅವನಿಗೆ ಗೊತ್ತಿತ್ತು. ದೆವ್ವದ ಕತೆ, ಹುಡುಗನ ಕತೆ ಎರಡಕ್ಕೂ ಬಂಡವಾಳ ಅದೇ.

ಕಡಲಕರೆ
ಇದು ಒಳ್ಳೆ ಪಾಯಿಂಟ್ ಮಾರಾಯ್ರೆ. ಆದರೆ 'ಅ ವಿಸಿಟರ್ ಫ್ರಮ್ ಡೌನ್ ಅಂಡರ್' ನಿಮ್ಮ ಲೆಕ್ಕಕ್ಕೆ ಹೇಗೆ ಬರುತ್ತದೆ? ಅಲ್ಲಿ ಬರುವವನನ್ನು ಯಾರೂ ಕರೆದಿಲ್ಲ.

ಓದುಗುಳಿ
ಕರೆದಿಲ್ಲ ಅಂತೀರಾ? ರಂಬೋಲ್ಡ್ ಆಸ್ಟ್ರೇಲಿಯಾದಲ್ಲಿ ಒಬ್ಬನನ್ನು ಕೊಂದು ದುಡ್ಡು ಮಾಡಿಕೊಂಡು ಲಂಡನ್ನಿಗೆ ಬಂದಿದ್ದಾನೆ. ಅದಕ್ಕಿಂತ ದೊಡ್ಡ ಕರೆಯೋಲೆ ಬೇಕಾ?

ಧಾರವಾಡಪೇಢೆ
ಆ ಕತೆಯ ರೇಡಿಯೋ ಭಾಗ ಮರೆಯಬ್ಯಾಡ್ರಿ. ಹೋಟೆಲಿನಲ್ಲಿ ರಂಬೋಲ್ಡ್ ಆರಾಮ ಕುಂತಾನ. ರೇಡಿಯೋದಾಗ ಮಕ್ಕಳ ಕಾರ್ಯಕ್ರಮ, ಮಕ್ಕಳು ಆಟದ ಹಾಡು ಹಾಡುತ್ತಾ ಆಡುತ್ತಾರೆ. ಲಂಡನ್ನಿನ ಚರ್ಚ್ ಗಂಟೆಗಳ ಹಾಡು, ಕೊನೆಗೆ ತಲೆ ಕಡಿಯುವವನು ಬಂದ ಅನ್ನುವುದು ಇದೆಯಲ್ಲ, ಅದೇ. ಕೇಳುತ್ತಾ ಕೇಳುತ್ತಾ ಆ ಆಟ ಇವನ ಕಡೆಯೇ ತಿರುಗುತ್ತದೆ. 1926ರ ಕತೆ ಅದು, ರೇಡಿಯೋ ಬಂದು ಇನ್ನೂ ನಾಲ್ಕು ವರ್ಷ ಆಗಿತ್ತು ಅಷ್ಟೇ. ಹೊಸ ಯಂತ್ರದೊಳಗೆ ಹಳೇ ಭಯ ತೂರಿಸಿದ ನೋಡ್ರಿ. ಮತ್ತೆ ಮಕ್ಕಳ ಬಾಯಿಂದಲೇ! ಬಾಲ್ಯ ಬೇರೆ, ಭಯ ಬೇರೆ ಅನ್ನುವವರು ಈ ಕತೆ ಒಂದು ಓದಿದರೆ ಸಾಕು.

ತುಂಗಾತೀರ
ಆ ಕತೆಯ ಕೊನೆಯ ಹಿಮದ ಚೂರು... ಬೇಡ, ಕಡಲಕರೆ ಬೈತಾರೆ.

ಕಡಲಕರೆ
😂 ಹೇಳಿ ಹೇಳಿ, ನಾನು ಓದಿ ಆಗಿದೆ. ಪಾಪ ಸುಮ್ನೆಬಂದೆ ಅವರಿಗೆ ಓದಲು ಏನಾದರೂ ಉಳಿಸಿ ಅಂತ ಅಂದದ್ದು.

ಸುಮ್ನೆಬಂದೆ
ನಾನು ಓದಲ್ಲ, ಇಲ್ಲೇ ಕೇಳ್ತೀನಿ. ಮುಂದುವರಿಸಿ.

ಧಾರವಾಡಪೇಢೆ
ಇನ್ನೊಂದು ವಿಷಯ. ನಮ್ಮಲ್ಲಿ 'ದ ಗೋ-ಬಿಟ್ವೀನ್' ಓದಿದ ಯಾರಿಗಾದರೂ 'ಘಟಶ್ರಾದ್ಧ' ನೆನಪಾಗದೆ ಇರುತ್ತದೇನ್ರಿ? ಅನಂತಮೂರ್ತಿಯವರ ಕತೆ, 1977ರಲ್ಲಿ ಕಾಸರವಳ್ಳಿ ಸಿನಿಮಾ ಮಾಡಿದರು. ಅಲ್ಲಿಯೂ ಮನೆ ಬಿಟ್ಟು ಬಂದ ಹುಡುಗ, ನಾಣಿ. ವೇದ ಕಲಿಯಲು ಉಡುಪರ ಮನೆಯಲ್ಲಿದ್ದಾನೆ. ಅವರ ಮಗಳು ವಿಧವೆ ಯಮುನಕ್ಕನ ಮೇಲೆ ಅವನಿಗೆ ಪ್ರಾಣ. ಅವಳಿಗೆ ಗುಟ್ಟಿನ ಸಂಬಂಧ ಇದೆ, ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ದೊಡ್ಡವರ ಗುಟ್ಟಿನ ಭಾರ ಸಣ್ಣವನ ಹೆಗಲಿಗೆ. ಎರಡರಲ್ಲೂ ಹುಡುಗನ ನೋಟದಿಂದಲೇ ಎಲ್ಲ.

ಇಂಗ್ಲಿಷ್‌ಮೇಷ್ಟ್ರು
ಹೋಲಿಕೆ ಸರಿಯಾಗಿದೆ. ಆದರೆ ಒಂದು ದೊಡ್ಡ ವ್ಯತ್ಯಾಸ. ಶಿಕ್ಷೆ ಯಾರಿಗೆ ಎಂಬುದು. ಯಮುನೆಯನ್ನು ಬದುಕಿದ್ದಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಮೇರಿಯನ್‌ಗೆ ಅಂಥದ್ದೇನೂ ಆಗುವುದಿಲ್ಲ. ಟ್ರಿಮಿಂಗಮ್ ಅವಳನ್ನು ಮದುವೆಯಾಗುತ್ತಾನೆ, ಟೆಡ್‌ನ ಮಗುವಿಗೆ ತನ್ನ ಹೆಸರು ಕೊಡುತ್ತಾನೆ. ತಪ್ಪು ಯಾವತ್ತೂ ಹೆಂಗಸಿನದಲ್ಲ ಎಂದು ಅವನು ಲಿಯೋಗೆ ಮೊದಲೇ ಹೇಳಿರುತ್ತಾನೆ, ಹಾಗೇ ನಡೆದುಕೊಳ್ಳುತ್ತಾನೆ. ಸಾಯುವವನು ಗೇಣಿದಾರ. ಮನಸ್ಸು ಸಾಯುವುದು ಹುಡುಗನದು. ಬಂಗಲೆ ಮಾತ್ರ ಹಾಗೇ ನಿಂತಿರುತ್ತದೆ.

ಚೌಕಾಬಾರ
ಮೇಷ್ಟ್ರೇ ನನ್ನ ಪಕ್ಷಕ್ಕೆ ಬಂದರು. ಬರೆದುಕೊಳ್ಳಿ.

ಬೆಕ್ಕಿನಮ್ಮ
ನಾನು ಮೇರಿಯನ್ ಪರ ಸ್ವಲ್ಪ ಮಾತಾಡುತ್ತೇನೆ. ಎಲ್ಲರೂ ಅವಳನ್ನು ಮಾಯಾವಿ ಥರ ನೋಡುತ್ತೀರಿ. ಅವಳಿಗೂ ಬೇರೆ ದಾರಿ ಏನಿತ್ತು? ಮನೆಯವರು ಅವಳನ್ನು ಮನೆಗೆ ಬದಲಾಗಿ ಕೊಡುತ್ತಿದ್ದಾರೆ.

ತುಂಗಾತೀರ
@ಬೆಕ್ಕಿನಮ್ಮ ಒಪ್ಪುತ್ತೇನೆ, ಕೊನೆಯ ಅಧ್ಯಾಯದ ತನಕ. ಆದರೆ ಆ ಕೊನೆ! ಐವತ್ತು ವರ್ಷದ ಮೇಲೆ ಲಿಯೋ ಆ ಊರಿಗೆ ಹೋಗುತ್ತಾನೆ. ಅವನು ಮದುವೆಯಾಗಿಲ್ಲ, ಯಾರನ್ನೂ ಪ್ರೀತಿಸಿಲ್ಲ, ಒಳಗೆಲ್ಲ ಒಣಗಿದ್ದಾನೆ. ಮುದುಕಿ ಮೇರಿಯನ್ ತನ್ನ ಮಗ ಯುದ್ಧದಲ್ಲಿ ಸತ್ತದ್ದು, ಮೊಮ್ಮಗ ತನ್ನನ್ನು ಕಂಡರೆ ದೂರ ಹೋಗುವುದು ಎಲ್ಲ ಹೇಳುತ್ತಾಳೆ. ನಮ್ಮದು ಎಂಥ ಸುಂದರ ಪ್ರೇಮ, ನಿನಗೂ ಅದರಲ್ಲಿ ಪಾಲಿತ್ತು ಅನ್ನುತ್ತಾಳೆ. ಆಮೇಲೆ ಏನು ಕೇಳುತ್ತಾಳೆ? ಮೊಮ್ಮಗನಿಗೆ ಇದನ್ನೆಲ್ಲ ಹೋಗಿ ಹೇಳು, ಇನ್ನೊಂದು ಸಂದೇಶ ತಲುಪಿಸು ಅಂತ! ಅವಳಿಗೆ ಏನೂ ಅರ್ಥವೇ ಆಗಿಲ್ಲ. ಅವನೋ, ಬೈದುಕೊಂಡರೂ ಹೊರಟೇಬಿಡುತ್ತಾನೆ. ನನಗೆ ಮೈ ನಡುಗಿದ್ದು ಅಲ್ಲೇ.

ಬೆಕ್ಕಿನಮ್ಮ
ಅವನು ಹೋಗುವುದು ನನಗೆ ಸಮಾಧಾನ ಅನ್ನಿಸಿತು. ಅರ್ಧ ಶತಮಾನ ಯಾರ ಕೆಲಸಕ್ಕೂ ಬಾರದೆ ಕೂತವನು ಕೊನೆಗೆ ಇನ್ನೊಬ್ಬರಿಗಾಗಿ ಹೆಜ್ಜೆ ಎತ್ತಿಟ್ಟ. ಆ ಮೊಮ್ಮಗ ಮನೆತನಕ್ಕೆ ಶಾಪ ಇದೆ ಅಂತ ಹೆದರಿ ಮದುವೆಯಾಗಲು ಹಿಂಜರಿಯುತ್ತಿದ್ದಾನೆ. ಶಾಪ ಇಲ್ಲ ಅಂತ ಹೇಳಲು ಲಿಯೋಗಿಂತ ಯೋಗ್ಯ ಯಾರು?

ಓದುಗುಳಿ
ಇಬ್ಬರ ಓದೂ ನಿಲ್ಲುತ್ತದೆ, ಅದೇ ಅದರ ಚಂದ. ಆದರೆ ಶಾಪ ಹಾಕಿ ಶುರುವಾದವನು ಶಾಪ ತೆಗೆಯಲು ಹೋಗುತ್ತಾನೆ ಅಂತ ಬೆಕ್ಕಿನಮ್ಮ ಹೇಳಿದ್ದು ನನಗೆ ಹೊಳೆದಿರಲಿಲ್ಲ.

ಎರಡನೇಶೋ
ಸಿನಿಮಾದಲ್ಲಿ ಅಷ್ಟು ಸಮಾಧಾನ ಸಿಗುವುದಿಲ್ಲ. ಮೈಕಲ್ ರೆಡ್‌ಗ್ರೇವ್ ಮುಖ ಕಲ್ಲು.

ಕಡಲಕರೆ
ಬೆಲಡೋನಾ ಗಿಡದ ಬಗ್ಗೆ ಯಾರೂ ಎತ್ತಲಿಲ್ಲ. ಪಾಳುಬಿದ್ದ ಹೊರಮನೆಯೊಳಗೆ ಬೆಳೆದ ವಿಷದ ಗಿಡ. ಚಂದವೂ ಹೌದು, ವಿಷವೂ ಹೌದು. ಹುಟ್ಟುಹಬ್ಬದ ಹಿಂದಿನ ರಾತ್ರಿ ಲಿಯೋ ಕತ್ತಲಲ್ಲಿ ಅಲ್ಲಿಗೆ ಹೋಗುತ್ತಾನೆ, ಆ ಇಬ್ಬರ ಸಂಬಂಧ ಮುರಿಯುವ ಮಾಟಕ್ಕೆ. ಗಿಡ ಅವನ ಮೈಮೇಲೆ ಬಂದ ಹಾಗಾಗುತ್ತದೆ. ಹೆದರಿ ಬುಡಸಮೇತ ಕಿತ್ತು ಹಾಕುತ್ತಾನೆ. ಮಾರನೇ ದಿನ ಎಲ್ಲ ಸರ್ವನಾಶ. ಟೆಡ್ ಗುಂಡು ಹೊಡೆದುಕೊಂಡು ಸಾಯುತ್ತಾನೆ. ಮಾಟ ಕೆಲಸ ಮಾಡಿತಾ ಇಲ್ಲವಾ? ನಾವು ಇಲ್ಲ ಅನ್ನುತ್ತೇವೆ. ಹದಿಮೂರರ ಹುಡುಗನಿಗೆ ಯಾರು ಹೇಳಬೇಕು? ಅದನ್ನು ಇಟ್ಟುಕೊಂಡೇ ಅವನು ಮುದುಕನಾದದ್ದು. ಆದ್ದರಿಂದ ತುಂಗಾತೀರರಿಗೆ ನನ್ನ ಉತ್ತರ: ದೆವ್ವದ ಕತೆಯಲ್ಲಿ ದೆವ್ವ ಇದೆ ಅಂತ ಲೇಖಕನೇ ಹೇಳುತ್ತಾನೆ, ನೀವು ಪುಸ್ತಕ ಮುಚ್ಚಬಹುದು. ಇಲ್ಲಿ ಇಲ್ಲ ಅನ್ನುತ್ತಾನೆ, ಆದರೆ ಹುಡುಗ ನಂಬಿದ್ದಾನೆ. ಅವನ ಜೊತೆ ನಾವೂ ಒಂದಿಷ್ಟು ನಂಬಿರುತ್ತೇವೆ.

ಗೂಗ್ಲಿ
ಟೆಡ್ ಸತ್ತದ್ದು ನನಗೆ ಇವತ್ತಿಗೂ ಸಂಕಟ. ಒಳ್ಳೆ ಬ್ಯಾಟ್ಸ್‌ಮನ್.

ಚೌಕಾಬಾರ
ಟೆಡ್ ಒಳ್ಳೆಯವನೇನಲ್ಲ. ದೊಡ್ಡವರು ಏನು ಮಾಡುತ್ತಾರೆ ಅಂತ ಹೇಳಿಕೊಡುತ್ತೇನೆ ಎಂದು ಹುಡುಗನಿಗೆ ಆಸೆ ತೋರಿಸಿ ಕೆಲಸ ಮಾಡಿಸಿಕೊಂಡ. ಕೇಳಿದಾಗ ಗದರಿ ಕಳಿಸಿದ.

ಗೂಗ್ಲಿ
ನಾಚಿಕೆಯಾಗಿ ಗದರಿದ. ಬೇರೆಯವರಿಗೆ ನಾಚಿಕೆಯೂ ಆಗಲಿಲ್ಲ.

ಇಂಗ್ಲಿಷ್‌ಮೇಷ್ಟ್ರು
ಮುಂದೆ ಏನು ಓದಬೇಕು ಎಂದು ಕೇಳಿದ್ದಿರಿ. 'ದ ಶ್ರಿಂಪ್ ಅಂಡ್ ದ ಅನೆಮೋನಿ' ಓದಿ. ಮೊದಲ ದೃಶ್ಯ ಹೇಳುತ್ತೇನೆ, ಅದರಿಂದ ಏನೂ ಕೆಡುವುದಿಲ್ಲ. ಪುಟ್ಟ ಯೂಸ್ಟೆಸ್ ಸಮುದ್ರ ತೀರದ ಬಂಡೆಯ ನೀರಿನಲ್ಲಿ ನೋಡುತ್ತಾನೆ, ಹೂವಿನಂಥ ಕಡಲಜೀವಿ ಒಂದು ಸಿಗಡಿಯನ್ನು ನುಂಗುತ್ತಿದೆ. ಸಿಗಡಿ ಪಾಪ. ಬಿಡಿಸಿದರೆ ಇನ್ನೊಂದಕ್ಕೆ ಊಟವಿಲ್ಲ, ಅದೂ ಪಾಪ. ಏನು ಮಾಡಲೂ ತೋಚದೆ ಅಕ್ಕ ಹಿಲ್ಡಾಳನ್ನು ಕರೆಯುತ್ತಾನೆ. ಅವಳು ಎಳೆದು ಬಿಡಿಸುತ್ತಾಳೆ. ಸಿಗಡಿ ಅಷ್ಟರಲ್ಲಿ ಸತ್ತಿರುತ್ತದೆ, ಇನ್ನೊಂದರ ಹೊಟ್ಟೆ ಕಿತ್ತು ಬರುತ್ತದೆ. ಮೂರು ಕಾದಂಬರಿಗಳ ಅಕ್ಕ-ತಮ್ಮನ ಕತೆ ಪೂರ್ತಿ ಆ ಕೆಲವು ಪುಟಗಳಲ್ಲಿದೆ. ಇಲ್ಲಿ ಗಮನಿಸಿ, ಬೆಕ್ಕಿನಮ್ಮ ಹೇಳಿದ ಪೊಡೋಲೋ ಕರುಣೆಯೇ ಇದೂ.

ಹಾರ್ಟ್ಲಿ ಅವರ ತಾಯಿ ಮಗನ ಆರೋಗ್ಯದ ಬಗ್ಗೆ ಸದಾ ಆತಂಕದಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿದರೂ ದುರ್ಬಲ ಆರೋಗ್ಯದಿಂದಾಗಿ ಅವರನ್ನು ವಿದೇಶಕ್ಕೆ ಕಳಿಸಲಿಲ್ಲ. ಪ್ರೀತಿ ಉಸಿರು ಕಟ್ಟಿಸುವುದು ಹೇಗೆ ಎಂದು ಅವರಿಗೆ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

ಲೀಡ್ಸ್‌ಕನ್ನಡಿಗ
ಆ ತೀರ ಹನ್‌ಸ್ಟಂಟನ್. ಕಾದಂಬರಿಯಲ್ಲಿ ಆಂಕರ್‌ಸ್ಟೋನ್. ಕೆಂಪು ಬಿಳಿ ಪಟ್ಟೆಯ ಬಂಡೆಗೋಡೆ, ಈಗಲೂ ಹಾಗೇ ಇದೆ. ಇಂಗ್ಲೆಂಡಿನ ಪೂರ್ವ ತೀರದಲ್ಲಿದ್ದರೂ ಊರು ಪಶ್ಚಿಮಕ್ಕೆ ಮುಖ ಮಾಡಿದೆ, ಸೂರ್ಯ ಸಮುದ್ರದಲ್ಲೇ ಮುಳುಗುತ್ತಾನೆ. ಮಕ್ಕಳ ಜೊತೆ ಹೋದರೆ ಬಂಡೆಯ ಬುಡಕ್ಕೆ ಬಿಡಬೇಡಿ, ಕಲ್ಲು ಉದುರುತ್ತವೆ. ಮೀನು-ಚಿಪ್ಸ್ ಮಾತ್ರ ಸೂಪರ್.

ಸುಮ್ನೆಬಂದೆ
ಅಂತೂ ಊಟದ ವಿಷಯ ಬಂತು.

ಧಾರವಾಡಪೇಢೆ
ನನ್ನ ಸಲಹೆ 'ಡಬ್ಲ್ಯೂ. ಎಸ್.' ಎಂಬ ಕತೆ. ಬಹಳ ಸಣ್ಣದು. ವಾಲ್ಟರ್ ಸ್ಟ್ರೀಟರ್ ಎಂಬ ಲೇಖಕನಿಗೆ ಅನಾಮಿಕ ಪೋಸ್ಟ್‌ಕಾರ್ಡು ಬರತೊಡಗುತ್ತವೆ. ಕೆಳಗೆ ಡಬ್ಲ್ಯೂ. ಎಸ್. ಅಂತಷ್ಟೇ ಸಹಿ, ಅದು ಇವನ ಹೆಸರಿನ ಅಕ್ಷರವೂ ಹೌದು. ಮೊದಲನೆಯದು ಸ್ಕಾಟ್ಲೆಂಡಿನ ಫಾರ್ಫರ್‌ನಿಂದ. ಒಂದೊಂದೂ ಇವನ ಊರಿಗೆ ಹತ್ತಿರ ಹತ್ತಿರದ ಊರಿನಿಂದ. ಬರುತ್ತಿರುವವನು ಯಾರು ಅಂದರೆ ಇವನೇ ಹಿಂದೊಮ್ಮೆ ಬರೆದ ಕತೆಯ ಖಳನಾಯಕ. ನನ್ನನ್ನು ಪೂರ್ತಿ ಕೆಟ್ಟವನನ್ನಾಗಿ ಬರೆದೆಯಲ್ಲ, ನನ್ನಲ್ಲಿ ನೀನು ಇಟ್ಟ ಒಂದೇ ಒಂದು ಒಳ್ಳೇ ಗುಣ ತೋರಿಸು ಅಂತ ಕೇಳಲು ಬಂದಿದ್ದಾನೆ. ಬರೆಯುವ ಚಟ ಇರುವವರು ಓದಲೇಬೇಕ್ರಿ.

ತುಂಗಾತೀರ
ಇದು ಚೆನ್ನಾಗಿದೆ! ಮತ್ತೆ ಬಾಗಿಲು ತಟ್ಟುವ ಅತಿಥಿ. ಓದುಗುಳಿ ಲೆಕ್ಕಕ್ಕೆ ಇನ್ನೊಂದು.

ಓದುಗುಳಿ
'ನೈಟ್ ಫಿಯರ್ಸ್' ಕೂಡ ಸೇರಿಸಿ. ರಸ್ತೆ ಕೆಲಸದ ಜಾಗದಲ್ಲಿ ರಾತ್ರಿ ಕಾವಲುಗಾರ, ಎದುರಿಗೆ ಕೆಂಡದ ಬುಟ್ಟಿ. ಯಾರೋ ಬಂದು ಪಕ್ಕ ಕೂರುತ್ತಾನೆ. ಹಗಲು ನಿದ್ದೆ ಬರುತ್ತಾ, ಸಂಬಳ ಸಾಕಾಗುತ್ತಾ, ಹೆಂಡತಿ ಮಕ್ಕಳು ಹೇಗೆ, ಅಂತ ಮೆಲ್ಲಗೆ ಕೇಳುತ್ತಾ ಹೋಗುತ್ತಾನೆ. ಕಾವಲುಗಾರನ ನೆಮ್ಮದಿ ಒಂದೊಂದೇ ಎಳೆ ಬಿಚ್ಚುತ್ತದೆ. ರಾತ್ರಿಪಾಳಿ ಮಾಡುವವರು ಓದಬೇಡಿ, ದಯವಿಟ್ಟು.

ಗೂಗ್ಲಿ
ನಾನು ರಾತ್ರಿಪಾಳಿಯಲ್ಲೇ ಕೂತು ಇದನ್ನು ಓದುತ್ತಿದ್ದೇನೆ ಸ್ವಾಮಿ.

ಎರಡನೇಶೋ
'ದ ಹೈರ್‌ಲಿಂಗ್' ಸಹ ಬಿಡಬೇಡಿ. 1957ರ ಕಾದಂಬರಿ. ಶ್ರೀಮಂತ ವಿಧವೆ, ಬಾಡಿಗೆ ಕಾರಿನ ಚಾಲಕ. 1973ರಲ್ಲಿ ಅದರ ಸಿನಿಮಾಗೂ ಕಾನ್ ದೊಡ್ಡ ಪ್ರಶಸ್ತಿ ಬಂತು, ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡು. ಎರಡು ಪುಸ್ತಕ, ಎರಡು ಸಿನಿಮಾ, ಎರಡಕ್ಕೂ ಕಾನ್.

ಚೌಕಾಬಾರ
ಮತ್ತೆ ಬಾಡಿಗೆ. ನಾನು ಏನೂ ಹೇಳುವುದಿಲ್ಲ.

ಇಂಗ್ಲಿಷ್‌ಮೇಷ್ಟ್ರು
'ಫೇಶಿಯಲ್ ಜಸ್ಟಿಸ್' ಅಂತ 1960ರಲ್ಲಿ ಒಂದು ಭವಿಷ್ಯದ ಕಾದಂಬರಿಯೂ ಇದೆ. ತೀರಾ ಚಂದ ಇರುವವರ ಮುಖವನ್ನು ಸರ್ಕಾರ ಸಾಧಾರಣ ಮಾಡಿಸುವ ಲೋಕ, ಯಾರಿಗೂ ಹೊಟ್ಟೆಕಿಚ್ಚು ಆಗಬಾರದಂತೆ. ವಿಚಾರ ಒಳ್ಳೆಯದು, ಕಾದಂಬರಿ ಎಳೆದಾಡುತ್ತದೆ. ಅವರಿಗೆ ಭವಿಷ್ಯ ಒಗ್ಗಲಿಲ್ಲ. ಗತಕಾಲವೇ ಬೇರೆ ದೇಶ ಎಂದು 'ದ ಗೋ-ಬಿಟ್ವೀನ್' ಶುರು ಮಾಡಿದ ಆ ಒಂದು ವಾಕ್ಯದಿಂದಲೇ ಅವರ ಹೆಸರು ಉಳಿದಿದೆ. ಪುಸ್ತಕ ಮುಟ್ಟದವರೂ ಅದನ್ನು ಭಾಷಣದಲ್ಲಿ ಬಳಸುತ್ತಾರೆ.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ-ತಮ್ಮನ ಕಾದಂಬರಿ ಶುರು ಮಾಡುತ್ತೇನೆ. ಮಧ್ಯೆ ಒಂದು ಭಾನುವಾರ ಆನ್‌ಲೈನ್‌ನಲ್ಲಿ ಒಂದು ಸಣ್ಣಕತೆ ಓದಿ ಮಾತಾಡೋಣವಾ? ಯಾವುದು ಇಡೋಣ? ಪೊಡೋಲೋ?

ಬೆಕ್ಕಿನಮ್ಮ
ಪೊಡೋಲೋ ಆದರೆ ನಾನು ಬರಲ್ಲ.

ಧಾರವಾಡಪೇಢೆ
'ಡಬ್ಲ್ಯೂ. ಎಸ್.' ಇಡ್ರಿ. ಸಣ್ಣದೈತಿ, ಸುಮ್ನೆಬಂದೆ ಅವರೂ ಓದಬಹುದು.

ಸುಮ್ನೆಬಂದೆ
ಎಷ್ಟು ಪುಟ?